ಕೆಂಪು ದಾರ ಕಟ್ಟಿದ್ದು

ಹಲ್ಲಿನ ಸಂದಿಯಲ್ಲಿ ಒಂದು ಎಳೆ ಸಿಕ್ಕಿಕೊಂಡಿತ್ತು. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗಿ ಅದನ್ನು ಕೆದಕಿ ಸೋತು ಹಿಂದಿರುಗುತ್ತಿತ್ತು. ಅವನ ಕಣ್ಣು ಮಾತ್ರ ಲ್ಯಾಪ್‌ಟಾಪಿನ ಪರದೆಯ ಮೇಲಿನ ಉದ್ದನೆ ಪಟ್ಟಿಯಲ್ಲಿ ನೆಟ್ಟಿತ್ತು. ಮುಕ್ಕಾಲು ಭಾಗ ತುಂಬಿ ಪಟ್ಟಿ ನಿಂತುಬಿಟ್ಟಿತ್ತು. ಅದು ನಿಂತಾಗ ತನ್ನ ಉಸಿರೂ ನಿಂತಂತೆ, ಒಂದು ಗೆರೆ ಸರಿದರೆ ತಾನೇ ಕೈಹಿಡಿದು ನಡೆಸಿದಂತೆ ಅವನಿಗೆ ಅನಿಸುತ್ತಿತ್ತು. ಅಕ್ಕನ ಹೊಲಿಗೆ ಕೋಣೆ ಅದು. ಬಟ್ಟೆ ಕತ್ತರಿಸುವ ಉದ್ದ ಮೇಜಿನ ತುದಿಯಲ್ಲಿ ಅವಳ ಹಳೆಯ ಲ್ಯಾಪ್‌ಟಾಪು ಹೊಟ್ಟೆ ಬಿಸಿ ಮಾಡಿಕೊಂಡು ಗುರುಗುಡುತ್ತ ಹೊಸ ಜನ್ಮ ಎತ್ತುತ್ತಿತ್ತು. ಪಕ್ಕದಲ್ಲಿ ಸೀಮೆಸುಣ್ಣದ ಚೂರುಗಳು, ಪಿನ್ನು ಚುಚ್ಚಿದ ದಿಂಬು, ಗುಂಡಿಗಳ ತಗಡಿನ ಡಬ್ಬ. ಆಚೆ ಕಿಟಕಿಯ ಬಳಿ ಅಕ್ಕ ಯಂತ್ರ ತುಳಿಯುತ್ತಿದ್ದಳು. ಭಾನುವಾರದ ಮಧ್ಯಾಹ್ನ, ಬೀದಿಯಲ್ಲಿ ಯಾರೋ ಸೈಕಲ್ಲಿನ ಚಕ್ರ ತಿರುಗಿಸಿ ಸದ್ದು ಕೇಳುತ್ತ ಕೂತಿದ್ದರು.

"ಇನ್ನು ಹತ್ತು ನಿಮಿಷ ಅಕ್ಕ. ಆಮೇಲೆ ನಿನ್ನ ಲ್ಯಾಪ್‌ಟಾಪಿಗೆ ಬಿಡುಗಡೆ. ಇನ್ಮೇಲೆ ಯಾವ ಕಂಪನಿ ಹಂಗೂ ಇಲ್ಲ. ಇದನ್ನ ಬರೆದೋರು ಸಾವಿರಾರು ಜನ, ಯಾರೂ ಒಂದು ಕಾಸು ಕೇಳಲ್ಲ."

"ನನಗೆ ಬಿಡುಗಡೆ ಗಿಡುಗಡೆ ಬೇಡ ಮಾರಾಯ. ಬೆಳಿಗ್ಗೆ ಗುಂಡಿ ಒತ್ತಿದ್ರೆ ಮಧ್ಯಾಹ್ನದೊಳಗೆ ತೆರ್ಕೊಂಡ್ರೆ ಸಾಕು," ಎಂದಳು ಅಕ್ಕ. ಬಾಯಲ್ಲಿ ಮೂರು ಪಿನ್ನು ಕಚ್ಚಿಕೊಂಡೇ ಮಾತಾಡುವುದು ಅವಳಿಗೆ ಅಭ್ಯಾಸ.

ಅವನು ನಕ್ಕ. ಆ ನಗುವಿನಲ್ಲಿ ಎಷ್ಟೋ ವರ್ಷದ ಹಸಿವಿತ್ತು. ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಅವನು ಸಹಾಯಕ. ಇಪ್ಪತ್ತು ವರ್ಷದಿಂದ ವಿದ್ಯಾರ್ಥಿಗಳಿಗೆ, ಗುಮಾಸ್ತರಿಗೆ, ಕಾವಲುಗಾರನಿಗೆ ಕೂಡ ಲಿನಕ್ಸ್ ಎಂಬ ಆ ಪುಕ್ಕಟೆ ವ್ಯವಸ್ಥೆಯ ಉಪದೇಶ ಮಾಡಿ ಮಾಡಿ, ದೂರದಿಂದ ಅವನನ್ನು ಕಂಡರೆ ಜನ ಮೊಬೈಲು ಕಿವಿಗಿಟ್ಟುಕೊಳ್ಳುವಂತೆ ಮಾಡಿದ್ದ. ಬೆನ್ನಹಿಂದೆ ಅವನನ್ನು ಪೆಂಗ್ವಿನ್ ಎನ್ನುತ್ತಿದ್ದರು. ಚೀಲದ ಮೇಲೆ ಲಿನಕ್ಸಿನ ಗುರುತಾದ ಆ ಹಕ್ಕಿಯ ಚಿತ್ರ ಅಂಟಿಸಿಕೊಂಡಿದ್ದಕ್ಕೆ ಆ ಹೆಸರು ಎಂದು ಅವನು ಸಮಾಧಾನ ಮಾಡಿಕೊಂಡಿದ್ದ. ನಡಿಗೆಯನ್ನು ನೋಡಿ ಇಟ್ಟದ್ದು ಎಂದು ಒಮ್ಮೆ ಶೌಚಾಲಯದ ಗೋಡೆಯಾಚೆ ಕೇಳಿಸಿಕೊಂಡಿದ್ದ. ಒಂದು ಕಡೆಗೆ ವಾಲಿಕೊಂಡು ನಡೀತಾನಲ್ಲ, ಥೇಟು ಪೆಂಗ್ವಿನ್ನು. ಅವತ್ತು ಕೈ ತೊಳೆಯುತ್ತ ತೊಳೆಯುತ್ತ ಆ ದನಿಗಳು ದೂರವಾಗುವವರೆಗೆ ನಿಂತಿದ್ದ. ವಾಲುವುದು ಚೀಲದ ದೆಸೆಯಿಂದ ಎಂದು ಅವನ ನಂಬಿಕೆ. ಯಾವ ಚೀಲ ಕೊಂಡರೂ ಎಡ ಹೆಗಲಿನಿಂದ ಪಟ್ಟಿ ಜಾರುತ್ತಿತ್ತು; ಅಂಗಡಿಯವನ ಹತ್ತಿರ ಎರಡು ಸಲ ಜಗಳ ಆಡಿ ಚೀಲ ಬದಲಾಯಿಸಿದ್ದ. ಇಂಥವನ ಉಪದೇಶಕ್ಕೆ ಮೊತ್ತಮೊದಲು ಹೂಂ ಎಂದವಳು ಅಕ್ಕ. ಹಿಂದಿನ ವಾರ ಲ್ಯಾಪ್‌ಟಾಪು ಕೈಕೊಟ್ಟಾಗ, "ನಿನ್ನ ಹಕ್ಕಿಯನ್ನೇ ತಂದು ಕೂರಿಸೋ ಇದರೊಳಗೆ," ಎಂದಿದ್ದಳು. ಆ ವಾರವೆಲ್ಲ ಅವನು ಮದುವೆಗೆ ಹೊರಟವನ ಹಾಗೆ ಇದ್ದ.

ಇಷ್ಟೆಲ್ಲ ಸಂಭ್ರಮದಲ್ಲಿ ಹಿಂದಿನ ದಿನ ಕಾಲೇಜಿನಿಂದ ಹೊರಡುವಾಗ ಹೊಸ ವ್ಯವಸ್ಥೆ ತುಂಬಿದ್ದ ತನ್ನ ಪೆನ್‌ಡ್ರೈವನ್ನು ಪ್ರಯೋಗಾಲಯದಲ್ಲೇ ಬಿಟ್ಟುಬಂದಿದ್ದು ಇಲ್ಲಿ ಬಂದು ಚೀಲ ತಡಕಿದಾಗ ಗೊತ್ತಾಯಿತು. ಅಕ್ಕ ಆಗ ಕೋಣೆಯ ಮೂಲೆಗೆ ಕಟ್ಟಿದ ಬಟ್ಟೆಯ ಪರದೆಯ ಹಿಂದೆ ಯಾರದೋ ಅಳತೆ ತೆಗೆಯುತ್ತಿದ್ದಳು. ಅವಳ ರೀತಿಯೇ ಬೇರೆ. ಬೇರೆ ದರ್ಜಿಗಳು ಟೇಪು ಹಿಡಿದು ಎದೆ ಇಷ್ಟು, ಸೊಂಟ ಇಷ್ಟು ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾರೆ, ಇನ್ನೊಬ್ಬ ಬರೆದುಕೊಳ್ಳುತ್ತಾನೆ. ಅಕ್ಕ ಕೂಗುವುದಿಲ್ಲ. ಒಬ್ಬರ ಮೈಯನ್ನು ಒಂದೇ ಸಲ ಅಳೆಯುತ್ತಾಳೆ, ಬಾಯಿ ಮುಚ್ಚಿಕೊಂಡು, ಪರದೆಯ ಒಳಗೆ. ಆಮೇಲೆ ಹತ್ತು ವರ್ಷ ಕಳೆದರೂ ಅವರ ಮೈಗೆ ಟೇಪು ಹಚ್ಚುವುದಿಲ್ಲ. ದಪ್ಪ ಆದದ್ದು, ಸಣ್ಣ ಆದದ್ದು ಎಲ್ಲ ಕಣ್ಣಳತೆಯಲ್ಲೇ ಸರಿಮಾಡಿಕೊಳ್ಳುತ್ತಾಳೆ. ಹಾಗಾಗಿ ಅವಳ ಹತ್ತಿರ ಬರುವವರಲ್ಲಿ ಅರ್ಧಕ್ಕರ್ಧ ಜನ ಬೇರೆ ಕಡೆ ಅಂಗಿ ಬಿಚ್ಚಲು ನಾಚುವವರು. ಬೆನ್ನು ಬಾಗಿದವರು, ಒಂದು ತೋಳು ಗಿಡ್ಡ ಇರುವವರು, ಆಸ್ಪತ್ರೆಯಲ್ಲಿ ಮೈಯ ಒಂದು ತುಂಡನ್ನು ಬಿಟ್ಟು ಬಂದವರು. ಅವಳು ಹೊಲಿದ ಬಟ್ಟೆ ತೊಟ್ಟರೆ ಅವರು ಎಲ್ಲರ ಹಾಗೆ ಕಾಣುತ್ತಾರೆ.

ಅವಳು ಪರದೆಯ ಹಿಂದೆ ಇದ್ದಾಗಲೇ ಅವನು ಗುಂಡಿ ಡಬ್ಬದಲ್ಲಿ ಒಂದು ಪೆನ್‌ಡ್ರೈವು ಕಂಡ. ಅದರ ಕುತ್ತಿಗೆಗೆ ಕೆಂಪು ದಾರ ಸುತ್ತಿ ಬಿಗಿಯಾಗಿ ಗಂಟು ಹಾಕಿತ್ತು. ದಾರದ ದಪ್ಪಕ್ಕೆ ಅದು ಅವನು ಚೀಲದಲ್ಲಿ ತಂದಿದ್ದ ಲ್ಯಾಪ್‌ಟಾಪಿನ ಕಿಂಡಿಯೊಳಗೆ ಪೂರ್ತಿ ಹೋಗಲಿಲ್ಲ. ಬಿಚ್ಚಲು ನೋಡಿದ, ಗಂಟು ಬಗ್ಗಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದ. ತನ್ನ ಲ್ಯಾಪ್‌ಟಾಪಿಗೆ ಚುಚ್ಚಿ, ಹೊಸ ವ್ಯವಸ್ಥೆಯನ್ನು ಅದರ ಮೇಲೆ ಬರೆಯಲು ಹೇಳಿದ. ಈ ಸಾಧನದಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಅದು ಕೇಳಿತು. ನೂರಾರು ಸಲ ಕೇಳಿದ ಪ್ರಶ್ನೆ ಅದು. ಬೆರಳು ತಾನಾಗಿ ಹೌದು ಒತ್ತಿತು. ಆಮೇಲೆ ಅಕ್ಕನ ಲ್ಯಾಪ್‌ಟಾಪಿಗೆ ಅದನ್ನೇ ಚುಚ್ಚಿ, ಪರದೆಯಿಂದ ಹೊರಗೆ ಬಂದ ಅವಳನ್ನು ಒಂದು ಮಾತು ಕೇಳಿದ: "ನಿನ್ನ ಲ್ಯಾಪ್‌ಟಾಪಲ್ಲಿರೋದನ್ನೆಲ್ಲ ಕಾಪಿ ಮಾಡಿಟ್ಟಿದೀಯ ತಾನೆ?" ಪಿನ್ನು ಕಚ್ಚಿದ ಬಾಯಿಂದ ಹೂಂ ಬಂತು. ಎಲ್ಲಿ ಎಂದು ಅವನು ಕೇಳಲಿಲ್ಲ. ಇಡೀ ಡಿಸ್ಕನ್ನು ಅಳಿಸಿ ಎಂಬ ಸಾಲಿನ ಮುಂದೆ ಗುರುತು ಹಾಕಿ, ಹೌದು ಒತ್ತಿದ.

ಪಟ್ಟಿ ತುಂಬಿತು. ಮುಗಿಯಿತು, ಪೆನ್‌ಡ್ರೈವು ತೆಗೆಯಿರಿ ಎಂದಿತು. ಅವನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಲ್ಯಾಪ್‌ಟಾಪು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎದ್ದು ಕೂತಿತು, ಹಸಿರು ಬೆಟ್ಟದ ಚಿತ್ರ ತೋರಿಸಿತು. ಅಕ್ಕ ಯಂತ್ರ ಬಿಟ್ಟು ಬಂದು ಅವನ ಹಿಂದೆ ನಿಂತಳು. "ಅಬ್ಬ! ಮುದುಕಿಗೆ ಹದಿನಾರು ಬಂತಲ್ಲೋ," ಎಂದು ನಕ್ಕಳು. ಆ ನಗು ಅವನ ತಲೆಯ ಮೇಲೆ ನೀರಿನ ಹಾಗೆ ಇಳಿಯಿತು. ಅದೇ ನಗುವಿನ ಬಾಲದಲ್ಲೇ ಅವಳು, "ಸರಿ, ಈಗ ಅಳತೆ ಪುಸ್ತಕ ತೆಗಿ, ಬ್ಯಾಂಕಿನಮ್ಮ ಮಂಗಳವಾರ ಬರ್ತಾರೆ, ಅವರದ್ದು ನೋಡ್ಬೇಕು. ಕಾಪಿ ಮಾಡಿದ್ದು ಗುಂಡಿ ಡಬ್ಬದಲ್ಲೇ ಇದೆ ನೋಡು. ಕೆಂಪು ದಾರ ಕಟ್ಟಿಟ್ಟಿದೀನಿ," ಎಂದಳು.

ಮೊದಲು ಬಿಸಿಯಾದದ್ದು ಕಿವಿ. ಆಮೇಲೆ ಕತ್ತು. ನಾಲಿಗೆ ಹಲ್ಲಿನ ಸಂದಿಗೆ ಹೋಗಿ ಎಳೆಯನ್ನು ಮುಟ್ಟಿ ಅಲ್ಲೇ ಅಂಟಿಕೊಂಡಿತು. ಕೆಂಪು ದಾರ ಕಟ್ಟಿದ್ದನ್ನು ಮುಟ್ಟಬಾರದು. ಈ ಮಾತನ್ನು ಅವನು ನಡೆಯಲು ಕಲಿತಾಗಿನಿಂದ ಕೇಳಿದ್ದ. ಕತ್ತರಿಸಿ ಎಣಿಸಿಟ್ಟ ಬಟ್ಟೆಗೆ ಅಕ್ಕ ಕೆಂಪು ದಾರ ಕಟ್ಟುತ್ತಿದ್ದಳು. ಆರು ವರ್ಷದವನಿದ್ದಾಗ ಅಂಥ ಒಂದು ಕಟ್ಟು ಬಿಚ್ಚಿ ಅಂಗಿಯ ತೋಳನ್ನು ಬಾವುಟ ಮಾಡಿ ಹಾರಿಸಿದ್ದಕ್ಕೆ, ಎಂದೂ ಹೊಡೆಯದ ಹದಿನಾರರ ಹುಡುಗಿ ಅವನ ಕೈಮೇಲೆ ಅಡಿಪಟ್ಟಿಯಿಂದ ಒಂದೇ ಏಟು ಹಾಕಿದ್ದಳು. ಈಗ ಗೊತ್ತಿರಲಿಲ್ಲ ಎಂದರೆ ಅದೊಂದು ಸುಳ್ಳು. ಬೆಳಿಗ್ಗೆ ದಾರ ಕಚ್ಚುವಾಗಲೂ ಒಳಗೆಲ್ಲೋ ಆ ಅಡಿಪಟ್ಟಿ ಎದ್ದಿತ್ತು. ಸುಲಭಕ್ಕೆ ಸಿಗಲಿ ಅಂತ ಕಟ್ಟಿರ್ತಾಳೆ ಎಂದು ಅವನು ಅದನ್ನು ತಟ್ಟಿ ಮಲಗಿಸಿದ್ದ. ಅವಸರವಿತ್ತು. ಪರದೆಯ ಹಿಂದಿನಿಂದ ಅವಳು ಹೊರಗೆ ಬರುವ ಮೊದಲೇ ಶುರುವಾಗಿರಬೇಕು ಎಂಬ ಮಕ್ಕಳ ಅವಸರ.

"ಎಲ್ಲೋ?" ಎಂದಳು ಅಕ್ಕ.

ಅವನ ಕೈ ಜೇಬಿನಿಂದ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಗುಂಡಿ ಡಬ್ಬದೊಳಗೆ ಹೋಯಿತು. ಗುಂಡಿಗಳನ್ನು ಗಲಗಲ ಕೆದಕಿತು, ಹುಡುಕಿದಂತೆ ಮಾಡಿತು, ಹೊರಗೆ ಬಂತು. ಸಂತೆಯ ಜಾದೂಗಾರನ ಕೈ. ನಲವತ್ತಾರು ವರ್ಷದ ಮನುಷ್ಯ ಹೀಗೆ ಮಾಡುವುದನ್ನು ಅವನು ಪಕ್ಕದಲ್ಲಿ ನಿಂತು ನೋಡಿದ. "ಇಲ್ಲಿದೆ."

"ದಾರ?"

"ಬಿಚ್ಚಿಹೋಗಿರಬೇಕು."

ಅಕ್ಕ ಪೆನ್‌ಡ್ರೈವನ್ನು ಕೈಗೆ ತೆಗೆದುಕೊಂಡಳು. ತಿರುಗಿಸಿ ನೋಡಿದಳು. ದಾರ ಇದ್ದ ಜಾಗವನ್ನು ಹೆಬ್ಬೆರಳಿಂದ ಸವರಿದಳು. ವಾಪಸು ಕೊಟ್ಟಳು. ಅವನು ಅದನ್ನು ತನ್ನ ಲ್ಯಾಪ್‌ಟಾಪಿಗೆ ಚುಚ್ಚಿ, ಪರದೆಯನ್ನು ಅವಳ ಕಡೆಯಿಂದ ಸ್ವಲ್ಪ ಆಚೆ ತಿರುಗಿಸಿ, ಒಂದಷ್ಟು ಹೊತ್ತು ಹುಬ್ಬು ಗಂಟಿಕ್ಕಿ ಕೂತ. "ಇದರಲ್ಲಿ ಅಳತೆ ಏನೂ ಇಲ್ಲವಲ್ಲ ಅಕ್ಕ," ಎಂದ. ಆ ಮಾತು ಅಕ್ಷರ ಅಕ್ಷರವೂ ನಿಜವಾಗಿತ್ತು. ಅದಕ್ಕೇ ಅಷ್ಟು ಸಲೀಸಾಗಿ ಬಾಯಿಂದ ಹೊರಟಿತು.

"ಅಯ್ಯೋ. ಹಾಗಾದ್ರೆ ನಾನೇ ಸರಿಯಾಗಿ ಹಾಕಿಲ್ವೇನೋ."

ಇಲ್ಲಿ ಅವನು ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಸುಮ್ಮನಿರಲಿಲ್ಲ. "ಕಾಪಿ ಮುಗಿಯೋ ಮೊದಲೇ ಎಳೆದಿರ್ತೀಯ. ಹಾಗೆ ಎಳೀಬಾರದು ಅಂತ ಎಷ್ಟು ಸಲ ಹೇಳಿದೀನಿ," ಎಂದ. ಪ್ರಯೋಗಾಲಯದಲ್ಲಿ ಹುಡುಗರಿಗೆ ಹೇಳುವ ದನಿ ಅದು. ಹೇಳುತ್ತಿರುವಾಗಲೇ ಆ ದನಿ ಅವನಿಗೆ ಆಸರೆ ಅನಿಸಿತು.

"ಹೌದು ಕಣೋ, ನಾನೊಂದು ಮೊದ್ದು," ಎಂದಳು ಅಕ್ಕ. ಯಂತ್ರಕ್ಕೆ ಹೋಗಿ ಕೂತಳು. ಆದರೆ ತುಳಿಯಲಿಲ್ಲ.

ಮೂವತ್ತು ವರ್ಷದ ಅಳತೆ. ಮೊದಲು ಅವು ಏಳು ನೋಟುಪುಸ್ತಕಗಳಲ್ಲಿದ್ದವು. ಅವನ್ನು ಲ್ಯಾಪ್‌ಟಾಪಿಗೆ ಏರಿಸು ಎಂದು ಬೆನ್ನು ಹತ್ತಿದವನೂ ಅವನೇ. ಒಂದು ಬೇಸಿಗೆಯೆಲ್ಲ ಅಕ್ಕ ಒಂದೊಂದೇ ಬೆರಳಿನಿಂದ ಕುಟ್ಟಿದ್ದಳು. ಮುಗಿದ ಮೇಲೆ ಪುಸ್ತಕಗಳನ್ನು ಕತ್ತರಿಯಿಂದ ಎಳೆ ಎಳೆಯಾಗಿ ಕತ್ತರಿಸಿ, ಪಿನ್ನು ಚುಚ್ಚುವ ದಿಂಬಿಗೆ ತುಂಬಿದಳು. ಯಾಕೆ ಎಂದರೆ, "ಇನ್ನೊಬ್ಬರ ಮೈ ಎರಡು ಕಡೆ ಬಿದ್ದಿರಬಾರದು," ಎಂದಿದ್ದಳು. ಕೊನೆಗೆ ಅವನ ಬಲವಂತಕ್ಕೇ ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿಟ್ಟದ್ದು. ಅವನೇ ಹೇಳಿಕೊಟ್ಟಿದ್ದ. ಅವಳು ಸರಿಯಾಗಿಯೇ ಮಾಡಿದ್ದಳು.

ಮಂಗಳವಾರ ಸಂಜೆ ಕಾಲೇಜು ಮುಗಿದ ಮೇಲೆ ಅವನ ಕಾಲುಗಳು ತಾವಾಗಿ ಅಕ್ಕನ ಕೋಣೆಗೆ ಬಂದವು. ಹೊಸ ವ್ಯವಸ್ಥೆಯಲ್ಲಿ ಯಾವುದು ಎಲ್ಲಿದೆ ಎಂದು ತೋರಿಸುವ ನೆಪ. ಅಕ್ಕ ಕಲಿಯುವವಳ ಹಾಗೆ ಕೂತಿದ್ದಳು, ತಲೆದೂಗಿದಳು. "ಚೆನ್ನಾಗಿದೆ ಕಣೋ. ಬಾಗಿಲು ಬೇಗ ತೆರೆಯುತ್ತೆ. ಒಳಗಡೆ ಏನೂ ಇಲ್ಲ ಅಷ್ಟೆ," ಎಂದಳು. ತಮಾಷೆಗೆ ಹೇಳಿದಳೋ ಏನೋ; ಅವನು ಪಿನ್ನಿನ ದಿಂಬನ್ನು ನೋಡುತ್ತ ನಕ್ಕ. ಅಷ್ಟರಲ್ಲಿ ಬ್ಯಾಂಕಿನಮ್ಮ ಬಂದರು. ಕೈಯಲ್ಲಿ ಬಟ್ಟೆಯ ಪೊಟ್ಟಣ, ಐವತ್ತರ ಆಸುಪಾಸು, ಹಣ ಎಣಿಸುವ ಕಿಟಕಿಯ ಹಿಂದೆ ಹೇಗೆ ನೆಟ್ಟಗೆ ಕೂರುತ್ತಾರೋ ಹಾಗೇ ನೆಟ್ಟಗೆ ನಿಲ್ಲುವವರು. ಅಕ್ಕ ಎದ್ದು ಅವರ ಎರಡೂ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: "ನನ್ನಿಂದ ಒಂದು ತಪ್ಪಾಯ್ತು. ನಿಮ್ಮ ಅಳತೆ ನನ್ನ ಕೈಯಿಂದ ಕಳೆದುಹೋಯ್ತು. ಇನ್ನೊಂದು ಸಲ ತಗೋಬೇಕು."

ಬ್ಯಾಂಕಿನಮ್ಮನ ಮುಖದ ಬಣ್ಣ ಇಳಿಯಿತು. "ಮತ್ತೆನಾ?" ಎಂದರು. ಒಂದೇ ಮಾತು. ಪೊಟ್ಟಣವನ್ನು ಎದೆಗೆ ಒತ್ತಿ ಹಿಡಿದುಕೊಂಡರು, ಎಡಗಡೆಗೆ. ಆಮೇಲೆ ಪರದೆಯ ಹಿಂದೆ ಹೋದರು.

ಅವನು ಹೊರಗೆ ಎದ್ದುಹೋಗಬಹುದಿತ್ತು. ಹೋಗಲಿಲ್ಲ, ಕೂತೇ ಇದ್ದ, ಕೂತಿರುವುದೂ ಒಂದು ಶಿಕ್ಷೆ ಎಂದು ತನಗೆ ತಾನೇ ಹೇಳಿಕೊಂಡು, ಆ ಹೇಳಿಕೆಯಿಂದ ಒಂದಿಷ್ಟು ಹಗುರಾಗಿ, ಹಗುರಾದದ್ದಕ್ಕೆ ಮತ್ತೆ ನಾಚಿ. ಒಳಗೆ ಗುಂಡಿ ಬಿಚ್ಚುವ ಸಣ್ಣ ಸದ್ದು, ಒಂದಾದ ಮೇಲೊಂದು. ಟೇಪಿನ ತುದಿಯ ತಗಡು ನೆಲಕ್ಕೆ ತಾಗಿ ಟಿಣ್ ಎಂದಿತು. ಯಾರೋ ಮೂಗಿನಿಂದ ಉಸಿರು ಒಳಗೆ ಎಳೆದುಕೊಂಡರು. ಅಕ್ಕ ಹೊರಗೆ ಬಂದು ಹೊಸ ನೋಟುಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದಳು, ಎಡಗೈಯನ್ನು ಹಾಳೆಯ ಮೇಲೆ ಅಡ್ಡ ಹಿಡಿದು. ಬ್ಯಾಂಕಿನಮ್ಮ ಬಂದಾಗ ಅಂಗಿಯ ಗುಂಡಿಗಳು ಒಂದೊಂದು ಕಾಜಾ ತಪ್ಪಿ ಕೂತಿದ್ದವು. ಅವರಿಗೆ ಗೊತ್ತಿರಲಿಲ್ಲ. ಅವನ ಮುಂದೆ ನಿಂತು, "ನೀವೇ ಅಲ್ವಾ ಕಂಪ್ಯೂಟರ್ ತಮ್ಮ? ಅಕ್ಕನಿಗೆ ಸ್ವಲ್ಪ ಸರಿಯಾಗಿ ಹೇಳಿಕೊಡಿ. ಪಾಪ, ಅವರಿಗೆ ಇದೆಲ್ಲ ಗೊತ್ತಾಗಲ್ಲ," ಎಂದರು.

"ಹೂಂ, ಹೇಳಿಕೊಡ್ತೀನಿ," ಎಂದ ಅವನು.

ಅಕ್ಕ ಕತ್ತರಿ ಒರೆಸುತ್ತಿದ್ದಳು. ಒರೆಸುತ್ತಲೇ ಇದ್ದಳು.

ಮರುದಿನ ಪ್ರಯೋಗಾಲಯದಲ್ಲಿ ಹುಡುಗರಿಲ್ಲದ ಮಧ್ಯಾಹ್ನದ ಹೊತ್ತು ಅವನು ಬಾಗಿಲು ಹಾಕಿಕೊಂಡು ಪೆನ್‌ಡ್ರೈವನ್ನು ಚುಚ್ಚಿದ. ಅಳಿಸಿಹೋದದ್ದನ್ನು ಅಗೆದು ತೆಗೆಯುವ ಸಲಕರಣೆಗಳಿವೆ. ಅವೂ ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆ ಕೊಟ್ಟವು. ಮೂರು ಗಂಟೆ ಅಗೆದ. ಎಲ್ಲ ಸಿಕ್ಕಿಬಿಟ್ಟರೆ ಯಾರಿಗೂ ಹೇಳುವ ಅಗತ್ಯವಿಲ್ಲ, ನಾನೇ ಹುಡುಕಿ ತೆಗೆದೆ ಅಕ್ಕ ಎಂದು ಶಹಬ್ಬಾಸ್‌ಗಿರಿಯನ್ನೂ ತೆಗೆದುಕೊಳ್ಳಬಹುದು, ಎಂದು ಮನಸ್ಸಿನ ಒಂದು ಮೂಲೆ ಆಗಲೇ ಮಾತು ಜೋಡಿಸುತ್ತಿತ್ತು. ಆ ಮೂಲೆಯ ಕಡೆ ಅವನು ತಿರುಗಿ ನೋಡಲಿಲ್ಲ. ಸಿಕ್ಕದ್ದು ಚೂರು. ಹೊಸ ವ್ಯವಸ್ಥೆ ಕೂತ ಜಾಗದಲ್ಲಿದ್ದುದೆಲ್ಲ ಹೋಗಿತ್ತು. ಅಂಚಿನಲ್ಲಿ ಉಳಿದ ತುಣುಕುಗಳಲ್ಲಿ ಹೆಸರಿದ್ದ ಕಡೆ ಅಂಕಿ ಇರಲಿಲ್ಲ, ಅಂಕಿ ಇದ್ದ ಕಡೆ ಹೆಸರಿರಲಿಲ್ಲ. ಹದಿನಾರೂವರೆ, ಇಪ್ಪತ್ತೊಂದು, ಮೂವತ್ತೆಂಟು. ಯಾರ ತೋಳು, ಯಾರ ಸೊಂಟ? ಆದರೆ ಪ್ರತಿ ಅಳತೆಯ ಕೊನೆಗೆ ಅಕ್ಕ ಒಂದು ಸಾಲು ಬರೆಯುತ್ತಿದ್ದಳು ಎಂಬುದು ಅವನಿಗೆ ಗೊತ್ತಿರಲಿಲ್ಲ. ಆ ಸಾಲುಗಳಲ್ಲಿ ಕೆಲವು ಉಳಿದಿದ್ದವು.

ಬಲ ತೋಳು ಒಂದು ಬೆರಳು ಗಿಡ್ಡ. ಕೇಳಬಾರದು. ಬೆನ್ನ ಮೇಲೆ ಸುಟ್ಟ ಗುರುತು, ಕುತ್ತಿಗೆ ಎತ್ತರ ಇಡು, ಕೇಳಬಾರದು. ಎಡಗಡೆ ಖಾಲಿ. ಒಳಗೆ ಹತ್ತಿ, ಎರಡೂ ಕಡೆ ಒಂದೇ ಹಾಗೆ. ಬಟ್ಟೆ ಕೊಡುವಾಗ ಬೇರೆ ಮಾತು ಆಡು. ಬೆನ್ನು ಇನ್ನಷ್ಟು ಬಾಗಿದೆ, ಹಿಂದಿನ ತುಂಡು ಉದ್ದ ಮಾಡು, ಎದುರಿಗೆ ಮೇಷ್ಟ್ರೇ ಚೆನ್ನಾಗಿ ಕಾಣ್ತೀರಿ ಅನ್ನು.

ಓದುವುದನ್ನು ನಿಲ್ಲಿಸಬೇಕಿತ್ತು. ಮೊದಲ ಸಾಲಿಗೇ ನಿಲ್ಲಿಸಬೇಕಿತ್ತು. ಪರದೆ ಸರಿಸಿ ಒಳಗೆ ಇಣುಕುತ್ತಿದ್ದೇನೆ ಎಂದು ಅವನಿಗೆ ತಿಳಿದಿತ್ತು. ಬಾಗಿಲ ಕಡೆ ಒಮ್ಮೆ ನೋಡಿ ಮತ್ತೆ ಓದಿದ. ಹಾಗೆ ಓದುತ್ತ ಹೋದವನ ಎದುರಿಗೆ ಆ ಸಾಲು ಬಂತು.

ತಮ್ಮ. ಎಡ ಹೆಗಲು ಮುಕ್ಕಾಲು ಇಂಚು ಕೆಳಗೆ. ಒಳಗೆ ಎರಡು ಪದರ ಕೊಡು. ಹೇಳಬಾರದು, ನೊಂದುಕೊಳ್ಳುತ್ತಾನೆ.

ಪಂಖ ತಿರುಗುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದುಂಟು. ಅವನ ಬಲಗೈ ನಿಜವಾಗಿಯೂ ಎಡ ಹೆಗಲಿಗೆ ಹೋಗಿತ್ತು. ಅಂಗಿಯ ಹೊಲಿಗೆಯ ಮೇಲೆ ಬೆರಳಾಡಿಸಿದ. ಬಲಗಡೆ ತೆಳ್ಳಗೆ. ಎಡಗಡೆ ಬಟ್ಟೆ ಒಂದಿಷ್ಟು ದಪ್ಪ, ಮೆತ್ತಗೆ, ಯಾರೋ ಅಂಗೈ ಇಟ್ಟಂತೆ. ಶಾಲೆಯ ಗುಂಪು ಫೋಟೋ ತೆಗೆಯುವಾಗ ಫೋಟೋದವನು ಕಪ್ಪು ಬಟ್ಟೆಯ ಒಳಗಿನಿಂದ, ಆ ಕೊನೆಯ ಹುಡುಗ, ಹೆಗಲು ಸಮ ಮಾಡು ಎಂದು ಮೂರು ಸಲ ಕೂಗಿದ್ದ, ಎಲ್ಲರಿಗೂ ಹಾಗೆ ಕೂಗುತ್ತಾನೆ ಎಂದುಕೊಂಡಿದ್ದ. ಅಕ್ಕ ಅದರ ಮರುವಾರವೇ ಸಮವಸ್ತ್ರದ ಅಂಗಿಯನ್ನು ವಾಪಸು ಕೇಳಿದ್ದಳಲ್ಲ, ಕಾಲರು ಸರಿಯಿಲ್ಲ ಎಂದು. ಚೀಲದ ಅಂಗಡಿಯವನಿಗೆ, ನಿಮ್ಮ ಪಟ್ಟಿಯ ಹೊಲಿಗೆ ಸರಿಯಿಲ್ಲ, ನಮ್ಮಕ್ಕ ದರ್ಜಿ, ನನಗೆ ಹೇಳ್ಕೊಡಬೇಡಿ ಎಂದು ಎಗರಾಡಿದ್ದ. ಅಂಗಡಿಯವನು ಅವನ ಹೆಗಲನ್ನು ಒಮ್ಮೆ ನೋಡಿ ಬೇರೆ ಚೀಲ ಕೊಟ್ಟಿದ್ದ. ಎಲ್ಲರಿಗೂ ಗೊತ್ತಿತ್ತು. ಶೌಚಾಲಯದ ಗೋಡೆಗೂ ಗೊತ್ತಿತ್ತು. ನಲವತ್ತು ವರ್ಷದಿಂದ ಅವಳು ಎರಡು ಪದರ ಕೊಟ್ಟು ಮುಚ್ಚುತ್ತ ಬಂದಿದ್ದಳು. ಅವನು ಅವಳ ಮೇಲೆ ತಪ್ಪು ಹೊರಿಸಿ ಮೂರು ದಿನ ಆಗಿತ್ತು.

ಶನಿವಾರ ಅವನು ಹೋದಾಗ ಬಾಗಿಲ ಬಳಿಯ ಬೆಂಚಿನ ಮೇಲೆ ಲೆಕ್ಕದ ಮೇಷ್ಟ್ರು ಕೂತಿದ್ದರು. ಹೈಸ್ಕೂಲಿನಲ್ಲಿ ಅವನಿಗೆ ಲೆಕ್ಕ ಹೇಳಿಕೊಟ್ಟವರು. ಆಗಲೇ ಒಂದಿಷ್ಟು ಬಾಗಿದ್ದ ಬೆನ್ನು ಈಗ ಪ್ರಶ್ನೆಚಿಹ್ನೆಯಾಗಿತ್ತು, ಆದರೆ ಅಕ್ಕನ ಕೋಟು ತೊಟ್ಟು ಕೂತಾಗ, ಏನನ್ನೋ ಓದಲು ಬಗ್ಗಿದ್ದಾರೆ ಎಂದಷ್ಟೇ ಕಾಣುತ್ತಿತ್ತು. ಕೈಯಲ್ಲಿ ಊರುಗೋಲು. ಅಕ್ಕ ಅವರ ಮುಂದೆ ನಿಂತಿದ್ದಳು, ಆ ಮಾತನ್ನೇ ಹೇಳುತ್ತಿದ್ದಳು, ನನ್ನ ಕೈಯಿಂದ ಕಳೆದುಹೋಯ್ತು ಎಂದು.

"ಹೋಗ್ಲಿ ಬಿಡಮ್ಮ," ಎಂದರು ಮೇಷ್ಟ್ರು, ನೆಲ ನೋಡುತ್ತ. "ಇರೋ ಕೋಟೇ ಸಾಕು ನನಗೆ. ಇನ್ನೆಷ್ಟು ದಿನ. ಮತ್ತೆ ಬಿಚ್ಚೋದೆಲ್ಲ ಯಾಕೆ." ಊರುಗೋಲು ಊರಿ ಏಳಲು ಹೊರಟರು. ಒಮ್ಮೆಗೆ ಏಳಲಾಗಲಿಲ್ಲ; ಮತ್ತೆ ಕೂತು, ಮತ್ತೆ ಹೊರಟರು. ಈಗ ಹೋದರೆ ಇವರು ಮತ್ತೆ ಬರುವುದಿಲ್ಲ ಎಂದು ಅಕ್ಕನ ಮುಖದಲ್ಲಿ ಬರೆದಿತ್ತು.

ಅವನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೊಂದೂ ಬಾಯಿಗೆ ಬರಲಿಲ್ಲ. "ಅಕ್ಕ ಕಳೆದಿಲ್ಲ ಸಾರ್," ಎಂದ. ದನಿ ಒಡೆದು ಕೀಚಲಾಗಿ ಬಂತು. "ನಾನು ಅಳಿಸಿದ್ದು. ಅಕ್ಕ ಸರಿಯಾಗೇ ಇಟ್ಟಿದ್ದಳು. ಕೆಂಪು ದಾರ ಕಟ್ಟಿತ್ತು. ನಾನೇ ಕಚ್ಚಿ ಹರಿದೆ. ಅಳಿಸಲಾ ಅಂತ ಅದು ಕೇಳ್ತು, ನಾನು ಓದ್ಲೇ ಇಲ್ಲ, ಹೌದು ಅಂದೆ."

ಮೇಷ್ಟ್ರು ಕತ್ತು ಓರೆ ಮಾಡಿ, ಬಾಗಿದ ಬೆನ್ನಿನವರು ನೋಡುವ ಹಾಗೆ ಕೆಳಗಿನಿಂದ ಮೇಲಕ್ಕೆ ಅವನನ್ನು ನೋಡಿದರು. "ಪ್ರಶ್ನೆ ಓದದೆ ಉತ್ತರ ಬರೆಯೋ ಹುಡುಗ ಒಬ್ಬನಿದ್ದ ನನ್ನ ಕ್ಲಾಸಲ್ಲಿ. ಎರಡನೇ ಬೆಂಚು," ಎಂದರು. "ಕೂಡೋದು ಕೊಟ್ರೆ ಕಳೀತಿದ್ದ."

"ನಾನೇ ಸಾರ್ ಅದು."

"ಗೊತ್ತಯ್ಯ. ಈಗ್ಲೂ ನಾನು ಕೇಳೋ ಮೊದಲೇ ಉತ್ತರ ಹೇಳ್ತೀಯಲ್ಲ."

ಅಕ್ಕನ ತುಟಿ ಅಲುಗಿತು, ನಗುವೋ ಬೇರೆಯೋ. ಅವನು ಅವಳ ಕಡೆ ತಿರುಗಿದ. "ಗಂಟು ತಾನಾಗಿ ಬಿಚ್ಚಲಿಲ್ಲ ಅಕ್ಕ."

"ಗೊತ್ತು ಕಣೋ. ನಾನು ಹಾಕಿದ ಗಂಟು ನನಗೆ ಗೊತ್ತಿಲ್ವ? ಅವತ್ತೇ ಗೊತ್ತಾಯ್ತು."

"ಇನ್ನೊಂದಿದೆ. ಅಗೆದು ತೆಗೆಯೋಕೆ ಹೋದೆ. ಅಂಕಿ ಸಿಗಲಿಲ್ಲ. ನೀನು ಕೊನೇಲಿ ಬರೀತಿದ್ದ ಸಾಲು ಸಿಕ್ತು. ಓದಿದೆ."

ಅಲ್ಲಿಯವರೆಗೆ ಇದ್ದ ಮುಖ ಅಕ್ಕನಿಗೆ ಉಳಿಯಲಿಲ್ಲ. ಕೈಯಲ್ಲಿದ್ದ ಟೇಪು ಸುತ್ತು ಬಿಚ್ಚಿ ನೆಲಕ್ಕಿಳಿಯಿತು. "ಓದಿದ್ಯಾ?" ಎಂದಳು. "ಎಲ್ಲಾ?" ಅವನು ತಲೆ ತಗ್ಗಿಸಿದ. "ಅಳಿಸಿದ್ದು ಒಂದು ಪಕ್ಕಕ್ಕಿರಲಿ. ಅದು ಕೈತಪ್ಪು. ಓದಿದ್ದು ಕೈತಪ್ಪಲ್ಲ. ಕೂತು ಓದಿದೀಯ." ಅವಳು ಅವನಿಗೆ ದನಿಯೇರಿಸಿ ಮಾತಾಡಿದ್ದು ಅಡಿಪಟ್ಟಿಯ ದಿನದ ನಂತರ ಅವತ್ತೇ. "ಈಗ ಅದೆಲ್ಲ ಎಲ್ಲಿದೆ?"

"ಪೆನ್‌ಡ್ರೈವನ್ನ ಸುತ್ತಿಗೇಲಿ ಚಚ್ಚಿ ಹಾಕಿದೆ. ಪ್ರಯೋಗಾಲಯದಲ್ಲಿದ್ದದ್ದೂ ತೆಗೆದುಹಾಕಿದೆ."

"ತಲೇಲಿ ಇರೋದು?"

"ಅದನ್ನ ಹೇಗೆ ಮರೀಲಿ ಅಕ್ಕ?"

"ನಾನು ಮೂವತ್ತು ವರ್ಷದಿಂದ ಮರೀತಾ ಇದೀನಿ. ಪ್ರತಿ ದಿನ ಮರೀಬೇಕು. ನೀನೂ ಕಲಿ." ಬಗ್ಗಿ ಟೇಪು ಎತ್ತಿಕೊಂಡಳು. "ಬ್ಯಾಂಕಿನಮ್ಮನಿಗೆ ನೀನೇ ಹೋಗಿ ಹೇಳಬೇಕು, ಅಳಿಸಿದ್ದು ನೀನು ಅಂತ. ಓದಿದ್ದು ಹೇಳಬೇಡ. ಅದನ್ನ ಹೊತ್ತುಕೊಂಡು ತಿರುಗು."

ಮೇಷ್ಟ್ರು ಇಷ್ಟು ಹೊತ್ತೂ ಊರುಗೋಲಿನ ತುದಿಯಿಂದ ನೆಲದ ಮೇಲೆ ಏನೋ ಬರೆಯುತ್ತಿದ್ದರು. "ಒಂದು ಕೆಲಸ ಮಾಡಮ್ಮ," ಎಂದರು. "ಮೊದಲು ಇವನ ಅಳತೆ ತಗೋ. ಪರದೆ ಗಿರದೆ ಬೇಡ, ಇಲ್ಲೇ. ಇವನು ಬಿಚ್ಚಿದ್ರೆ ಆಮೇಲೆ ನಾನೂ ಬಿಚ್ತೀನಿ."

ಬೀದಿಯ ಕಡೆಯ ಬಾಗಿಲು ತೆರೆದೇ ಇತ್ತು. ಕಿಟಕಿಯಿಂದ ಬಿಸಿಲು ಕತ್ತರಿಸುವ ಮೇಜಿನ ಮೇಲೆ ಹಾದು ನೆಲಕ್ಕೆ ಬಿದ್ದಿತ್ತು. ಅವನು ಗುಂಡಿ ಬಿಚ್ಚಿದ; ಒಂದೊಂದೂ ಎಷ್ಟು ಸದ್ದು ಮಾಡುತ್ತದೆ ಎಂದು ಕೇಳಿಸಿತು. ಅಂಗಿ ಕಳಚಿದೊಡನೆ ಎಡ ಹೆಗಲಿಗೆ ತಣ್ಣಗೆ ಗಾಳಿ ಬಡಿಯಿತು, ಅಲ್ಲಿಂದ ಒಂದು ಕೈಯನ್ನು ಯಾರೋ ತೆಗೆದುಕೊಂಡಂತೆ. ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಒಳಗೆ ನೋಡಿ ಮುಂದೆ ಹೋದಳು. ಅವನಿಗೆ ಹೆಗಲು ಎಲ್ಲಿದೆ ಎಂದು ಈಗ ಗೊತ್ತಿತ್ತು. ಗೊತ್ತಿದ್ದದ್ದರಿಂದ ಅದು ತಾನಾಗಿ ಮೇಲಕ್ಕೆ ಹೋಯಿತು, ಬಲಗಡೆಗೆ ಸಮವಾಗಿ, ನಡುಗುತ್ತ. ಮೇಷ್ಟ್ರು ನೋಡುತ್ತಿದ್ದಾರೆ ಎಂದುಕೊಂಡ. ಅವರು ಬೆಂಚಿನ ಮೇಲೆ ಪೂರ್ತಿ ಆ ಕಡೆಗೆ ತಿರುಗಿ, ಗುಂಡಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಬಿಳಿ ಗುಂಡಿಗಳನ್ನು ಒಂದು ಕಡೆ, ಕಪ್ಪು ಗುಂಡಿಗಳನ್ನು ಒಂದು ಕಡೆ ಮಾಡುತ್ತಿದ್ದರು.

ಅಕ್ಕನ ಟೇಪು ಬೆನ್ನಿಗೆ ತಾಗಿತು. "ಎತ್ತಬೇಡ," ಎಂದಳು, ಅವನಿಗೆ ಮಾತ್ರ ಕೇಳುವಷ್ಟು. "ಹೇಗಿದೆಯೋ ಹಾಗೇ ಬಿಡು."

ಬಿಟ್ಟ. ಹೆಗಲು ಇಳಿಯಿತು, ಅದರ ಜಾಗಕ್ಕೆ. ಅವಳು ಅಳೆದಳು. ಕೂಗಲಿಲ್ಲ. ಮೇಜಿಗೆ ಹೋಗಿ ಎಡಗೈ ಅಡ್ಡ ಹಿಡಿದು ಬರೆದಳು. ಅಂಗಿ ತೊಡುತ್ತ ಅವನು ಪೆನ್ಸಿಲಿನ ಹಿಂಬದಿ ಆಡುವುದನ್ನಷ್ಟೇ ಕಂಡ. ಅಂಕಿಗಳು ಮುಗಿದು ಕೊನೆಯ ಸಾಲಿಗೆ ಬಂತು, ಒಂದಷ್ಟು ಓಡಿತು, ನಿಂತಿತು. ಅಲ್ಲಿ ಹೇಳಬಾರದು ಎಂಬ ಇನ್ನೂ ಒಂದು ಮಾತು ಬರಬೇಕಿತ್ತು. ಪೆನ್ಸಿಲು ಅದನ್ನು ಬರೆಯದೆ ಮೇಲೆದ್ದಿತು.

"ಬಾಮ್ಮ, ಬೇಗ ಮುಗಿಸು," ಎಂದು ಮೇಷ್ಟ್ರು ಊರುಗೋಲು ಊರಿದರು. ಈ ಸಲ ಒಮ್ಮೆಗೇ ಎದ್ದರು. ಪರದೆ ಅವರ ಹಿಂದೆ ಮುಚ್ಚಿಕೊಂಡಿತು. ಅವನು ಹೋಗಿ ಬೀದಿಯ ಬಾಗಿಲು ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಅವರು ಹೋದ ಮೇಲೆ ಅಕ್ಕ ಅವರದ್ದನ್ನೂ ಬರೆದು ನೋಟುಪುಸ್ತಕ ಮುಚ್ಚಿದಳು. ರೀಲಿನಿಂದ ಕೆಂಪು ದಾರ ಎಳೆದು ಪುಸ್ತಕಕ್ಕೆ ಎರಡು ಸುತ್ತು ಸುತ್ತಿದಳು. ಮೊದಲ ಗಂಟು ಹಾಕಿ, ಬಿಗಿ ಸಡಿಲವಾಗದಂತೆ ಎರಡೂ ತುದಿ ಹಿಡಿದುಕೊಂಡು, ತಲೆಯೆತ್ತದೆ, "ಇಲ್ಲಿ ಬೆರಳಿಡು," ಎಂದಳು.

ಅವನು ತೋರುಬೆರಳನ್ನು ಗಂಟಿನ ಮೇಲೆ ಒತ್ತಿ ಹಿಡಿದ. ದಾರ ಬೆರಳಿನ ಸುತ್ತ ಬಂತು, ಬಿಗಿಯಿತು, ಕಚ್ಚಿತು. ಅವಳು ಸಾಕು ಎನ್ನುವವರೆಗೆ ಅವನು ಬೆರಳು ತೆಗೆಯಲಿಲ್ಲ.